ತಾಯಿಗೆ ಪಟ್ಟ, ಮಗಳಿಗೆ ಹೆಸರಿಲ್ಲ

ನಾನಿರುವ ಕಟ್ಟಡದ ಗೇಟಿನಲ್ಲಿ ರಾತ್ರಿ ಕಾವಲು ಕಾಯುವ ಹುಡುಗ ಬಿಹಾರದವನು. ನವಾದಾ ಜಿಲ್ಲೆಯ ಒಂದು ಹಳ್ಳಿಯವನು. ನನಗೆ ವಯಸ್ಸಿನ ದೆಸೆಯಿಂದ ನಿದ್ದೆಯಿಲ್ಲ, ಅವನಿಗೆ ಕೆಲಸದ ದೆಸೆಯಿಂದ. ಹೀಗಾಗಿ ನಮ್ಮಿಬ್ಬರಿಗೆ ಸ್ನೇಹ. ಅವನು ಹಿಂದಿಯಲ್ಲಿ ಮಾತನಾಡುತ್ತಾನೆ, ನಾನು ನನಗೆ ಬಂದ ಹಿಂದಿಯಲ್ಲಿ ಉತ್ತರ ಕೊಡುತ್ತೇನೆ. ಒಂದು ರಾತ್ರಿ ಅವನು ಫೋನಿನಲ್ಲಿ ತಾಯಿಯೊಡನೆ ಮಾತನಾಡುತ್ತಿದ್ದ. ಬೇರೆಯವರ ಮಾತಿಗೆ ಕಿವಿಗೊಡುವುದು ಸಭ್ಯತೆಯಲ್ಲ, ಒಪ್ಪುತ್ತೇನೆ. ಆದರೆ ಕಿವಿಗೊಟ್ಟರೂ ಪ್ರಯೋಜನವಾಗಲಿಲ್ಲ. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ಮಾತು ಮುಗಿದ ಮೇಲೆ, "ಅದು ಯಾವ ಭಾಷೆಯಪ್ಪ?" ಎಂದು ಕೇಳಿದೆ. ಅವನು ನಾಚಿಕೊಂಡು, "ಭಾಷೆಯೇನಲ್ಲ ಸಾಬ್, ಮನೆಯ ಮಾತು. ಭಾಷೆ ಅಂದರೆ ಹಿಂದಿ" ಎಂದ.

ಈ ಉತ್ತರ ನನಗೆ ಹೊಸದಲ್ಲ. ಬಹಳ ವರ್ಷಗಳ ಹಿಂದೆ, ತಂದೆಯವರ ಪಿಂಡಪ್ರದಾನಕ್ಕೆಂದು ಗಯೆಗೆ ಹೋಗಿದ್ದೆ. ಅಲ್ಲಿನ ಪಂಡಾಗಳಾದ ಗಯಾವಾಲರು ಮಧ್ವಮತದವರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ನಮ್ಮ ಪಂಡಾ ಮಂತ್ರವನ್ನು ಸಂಸ್ಕೃತದಲ್ಲಿ ಹೇಳಿದರು, ದಕ್ಷಿಣೆಯನ್ನು ಹಿಂದಿಯಲ್ಲಿ ಕೇಳಿದರು. ಆಮೇಲೆ ಒಳಗೆ ಹೋಗಿ ಹೆಂಡತಿಯೊಡನೆ ಎಳ್ಳು ಅಕ್ಕಿಯ ಲೆಕ್ಕ ಮಾತನಾಡುವಾಗ ಮೂರನೆಯ ಭಾಷೆಯೊಂದು ಕೇಳಿಸಿತು. ವಿಚಾರಿಸಿದೆ. ಅವರೂ ಕೈಯಾಡಿಸಿ, "ಅದು ಬರಿಯ ಬೋಲಿ" ಎಂದುಬಿಟ್ಟರು. ದೇವರಿಗೊಂದು, ಯಾತ್ರಿಕರಿಗೊಂದು ಭಾಷೆ. ಹೆಂಡತಿ ಮಕ್ಕಳೊಡನೆ ಆಡುವ ಮಾತಿಗೆ ಮಾತ್ರ ಭಾಷೆಯ ಪದವಿಯಿಲ್ಲ!

ಆ ಮಾತಿಗೆ ಹೆಸರುಂಟು. ಅದರ ಹೆಸರು ಮಗಹಿ. ಪಟ್ನಾ, ಗಯಾ, ನಾಲಂದಾ, ನವಾದಾ, ಜಹಾನಾಬಾದ್, ಅರ್ವಲ್, ಔರಂಗಾಬಾದ್, ಶೇಖ್‌ಪುರಾ ಜಿಲ್ಲೆಗಳ ಮಾತು. ಜಾರ್ಖಂಡದ ಚತರಾ, ಕೊಡರ್ಮಾ, ಹಜಾರಿಬಾಗ್ ಸೀಮೆಗಳಲ್ಲಿಯೂ ಹರಡಿರುವ ಮಾತು. ಬುದ್ಧ ಜ್ಞಾನ ಪಡೆದ ನೆಲ, ಮಹಾವೀರ ನಿರ್ವಾಣ ಹೊಂದಿದನೆಂದು ಜೈನರು ನಂಬುವ ಪಾವಾಪುರಿಯ ನೆಲ, ಅಶೋಕನ ರಾಜಧಾನಿಯ ನೆಲ ಇವೆಲ್ಲ ಇಂದು ಮಗಹಿ ಮಾತನಾಡುವ ನೆಲ.

ಇದನ್ನು ಈಗ ಬರೆಯಲು ಒಂದು ನೆಪವುಂಟು. ಈಚೆಗೆ ಒಂದು ಸಭೆಗೆ ಹೋಗಿದ್ದೆ. ಭಾಷಣ ಮಾಡಿದ ವಿದ್ವಾಂಸರು, ಭಾರತದಲ್ಲಿ ನೂರಕ್ಕೆ ಹತ್ತಿರ ಹತ್ತಿರ 44 ಮಂದಿಯ ತಾಯ್ನುಡಿ ಹಿಂದಿ ಎಂದರು. ಹಿಂದಿಯ ಪರವಾದವರು ತಲೆದೂಗಿದರು, ವಿರೋಧವಾದವರು ಹಲ್ಲು ಕಡಿದರು. ಲೆಕ್ಕ ಸರಿಯೇ ಎಂದು ಯಾರೂ ಕೇಳಲಿಲ್ಲ. ನಾನು ಎದ್ದು, "ಸ್ವಾಮಿ, ಇದರಲ್ಲಿ ಮಗಹಿಯವರೂ ಸೇರಿದ್ದಾರೆಯೆ?" ಎಂದೆ. "ಸೇರಲೇಬೇಕಲ್ಲ, ಮಗಹಿ ಹಿಂದಿಯ ಉಪಭಾಷೆ" ಎಂದು ಅವರು ಮುಗುಳ್ನಕ್ಕರು. ಸಭೆಯೂ ನಕ್ಕಿತು. ಸಮಯ ಮೀರಿತ್ತು, ವಂದನಾರ್ಪಣೆಯಾಯಿತು. ಅಂದು ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಆ ವಿದ್ವಾಂಸರು ಈ ಪುರವಣಿಯನ್ನು ಓದುವವರೆಂದು ಬಲ್ಲೆ.

ಮೊದಲು ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯಲ್ಲಿ ಹಿಂದಿಯ ತಲೆಬರಹದ ಕೆಳಗೆ 52.83 ಕೋಟಿ ಜನರಿದ್ದಾರೆ; ನೂರಕ್ಕೆ 43.63. ಆದರೆ ಆ ತಲೆಬರಹದ ಕೆಳಗಿನ ಸಾಲುಗಳನ್ನು ಓದುವ ತಾಳ್ಮೆ ಯಾರಿಗೂ ಇದ್ದಂತಿಲ್ಲ. ಅಲ್ಲಿ ಐವತ್ತಕ್ಕೂ ಹೆಚ್ಚು ತಾಯ್ನುಡಿಗಳ ಹೆಸರುಗಳಿವೆ. ಭೋಜಪುರಿ 5 ಕೋಟಿಗೂ ಮೇಲೆ, ರಾಜಸ್ಥಾನಿ 2.58 ಕೋಟಿ, ಛತ್ತೀಸ್‌ಗಢಿ 1.62 ಕೋಟಿ, ಮಗಹಿ 1.27 ಕೋಟಿ. ತಮ್ಮ ತಾಯ್ನುಡಿ "ಹಿಂದಿ" ಎಂದೇ ಹೇಳಿದವರು 32.22 ಕೋಟಿ. ಅಂದರೆ ನೂರಕ್ಕೆ ಸುಮಾರು 27. ಉಳಿದ 20 ಕೋಟಿ ಜನ ಬೇರೆ ಬೇರೆ ಹೆಸರುಗಳನ್ನು ಹೇಳಿದವರು. ಗಣತಿಯವರು ಬಂದಾಗ ಮಗಹಿ ಎಂದು ಬರೆಸಿದ ಮನುಷ್ಯ, ಕಾಗದ ದೆಹಲಿ ಮುಟ್ಟುವ ವೇಳೆಗೆ ಹಿಂದಿಯವನಾಗಿರುತ್ತಾನೆ. ಅವನನ್ನು ಯಾರೂ ಕೇಳಿಲ್ಲ. ಬ್ಯಾಂಕಿನಲ್ಲಿ ಒಬ್ಬರ ಹಣವನ್ನು ಮತ್ತೊಬ್ಬರ ಖಾತೆಗೆ ಜಮಾ ಮಾಡಿದರೆ ನಾವು ಸುಮ್ಮನಿರುತ್ತೇವೆಯೆ?

ಇದಕ್ಕಿಂತ ಆತಂಕದ ಲೆಕ್ಕ ಮತ್ತೊಂದಿದೆ. 2001ರಲ್ಲಿ ಮಗಹಿ ಎಂದು ಬರೆಸಿದವರು ಸುಮಾರು 1.40 ಕೋಟಿ. ಹತ್ತು ವರ್ಷಗಳ ಬಳಿಕ 1.27 ಕೋಟಿ. ಅದೇ ಹತ್ತು ವರ್ಷಗಳಲ್ಲಿ ಬಿಹಾರದ ಜನಸಂಖ್ಯೆ 8.3 ಕೋಟಿಯಿಂದ 10.4 ಕೋಟಿಗೆ ಏರಿತು. ಜನ ಬೆಳೆದರು, ಅವರ ಮಾತು ಕುಗ್ಗಿತು. ಮಗಧದಲ್ಲಿ ಯಾವ ಮಹಾಮಾರಿಯೂ ಬಂದಿರಲಿಲ್ಲ. "ಭಾಷೆಯೇನಲ್ಲ ಸಾಬ್" ಎಂದು ಹೇಳಲು ಕಲಿತವರ ಸಂಖ್ಯೆ ಹೆಚ್ಚಿತು, ಅಷ್ಟೆ.

ಇನ್ನು ಉಪಭಾಷೆಯ ಮಾತು. ಉಪಭಾಷೆ ಎನ್ನಬೇಕಾದರೆ ಒಂದೇ ಬುಡದಿಂದ ಬಂದಿರಬೇಕು. ಇಂದು ನಾವು ಹಿಂದಿ ಎನ್ನುವುದು ದೆಹಲಿ–ಮೀರಠ್ ಸೀಮೆಯ ಖಡೀಬೋಲಿಯ ಮೇಲೆ ಕಟ್ಟಿದ್ದು. ಅದರ ಬುಡ ಶೌರಸೇನಿ. ಮಗಹಿಯ ಬುಡ ಮಾಗಧಿ. ಜಾರ್ಜ್ ಗ್ರಿಯರ್ಸನ್ ಸಾಹೇಬರು ಗಯೆಯಲ್ಲಿ ಅಧಿಕಾರಿಯಾಗಿದ್ದವರು. ತಮ್ಮ ಭಾಷಾ ಸಮೀಕ್ಷೆಯ 1903ರ ಸಂಪುಟದಲ್ಲಿ ಮಗಹಿ, ಮೈಥಿಲಿ, ಭೋಜಪುರಿಗಳನ್ನು ಹಿಂದಿಯಿಂದ ಬೇರ್ಪಡಿಸಿ, ಬಂಗಾಳಿ, ಒಡಿಯಾ, ಅಸ್ಸಾಮಿಗಳ ಪಂಕ್ತಿಯಲ್ಲಿ ಕೂರಿಸಿದರು. ಸಾಹೇಬರ ಮಾತು ನಮಗೇಕೆ ಎನ್ನುವವರು ಸುನೀತಿಕುಮಾರ ಚಟರ್ಜಿಯವರನ್ನು ಓದಬಹುದು. ಬಂಗಾಳಿ ಭಾಷೆಯ ಹುಟ್ಟು ಬೆಳವಣಿಗೆಗಳನ್ನು ಕುರಿತ 1926ರ ತಮ್ಮ ಮಹಾಗ್ರಂಥದಲ್ಲಿ ಅವರೂ ಮಗಹಿಯನ್ನು ಮಾಗಧಿಯ ಸಂತಾನವೆಂದೇ ಎಣಿಸಿ, ಮೈಥಿಲಿಯ ಜೊತೆಗೆ ಒಂದೇ ಗುಂಪಿನಲ್ಲಿ ಇರಿಸಿದರು.

ಹೆಸರಿನಲ್ಲಿಯೇ ವಂಶಾವಳಿ ಇದೆ. ಮಾಗಧಿಯಲ್ಲಿನ ಧಕಾರ ಕಾಲಕ್ರಮದಲ್ಲಿ ಹಕಾರವಾಗಿ ಮಗಹಿಯಾಯಿತು. ವಧು ಎಂಬುದು ಬಹು ಆದಂತೆ, ಬಧಿರ ಎಂಬುದು ಬಹಿರಾ ಆದಂತೆ. ಪಾಲು ಹಾಲಾದುದನ್ನು, ಪುಲಿ ಹುಲಿಯಾದುದನ್ನು ಕಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದಿನ ಮಗಹಿ ಅಂದಿನ ಮಾಗಧಿಯೇ ಎಂದು ನಾನು ಹೇಳುತ್ತಿಲ್ಲ. ಗಯೆಯ ಸಮೀಪದ ಬರಾಬರ್ ಗುಹೆಗಳಲ್ಲಿ ಅಶೋಕ ಆಜೀವಿಕ ಸಂನ್ಯಾಸಿಗಳಿಗೆ ಮಾಡಿದ ದಾನದ ಶಾಸನಗಳಿವೆ. ಅಲ್ಲಿ ರಾಜ ಎಂಬುದು ಲಾಜ ಎಂದಿದೆ. ರಕಾರಕ್ಕೆ ಲಕಾರ ಹೇಳುವುದು ಮಾಗಧಿಯ ಗುರುತು. ಇಂದಿನ ಮಗಹಿಯವರು ಹಾಗೆ ಹೇಳುವುದಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಲ್ಲಿ ಯಾವ ಮೊಮ್ಮಗಳ ಮುಖ ತಾನೇ ಅಜ್ಜಿಯದರಂತೆ ಅಚ್ಚಾಗಿ ಉಳಿದೀತು? ಆದರೆ ಅಕ್ಕತಂಗಿಯರ ಮುಖಗಳನ್ನು ಹೋಲಿಸಿ ನೋಡಬಹುದು. "ನಾನು ನೋಡಿದೆ" ಎನ್ನಲು ಮಗಹಿಯವನು "ಹಮ್ ದೇಖಲೀ" ಎನ್ನುತ್ತಾನೆ. ಬಂಗಾಳಿ "ದೇಖಲಾಮ್", ಒಡಿಯಾ "ದೇಖಿಲಿ". "ನೋಡುವೆನು" ಎನ್ನಲು ಮಗಹಿ "ದೇಖಬ್", ಬಂಗಾಳಿ "ದೇಖಬೋ", ಒಡಿಯಾ "ದೇಖಿಬಿ". ಹಿಂದಿಯಲ್ಲಿ? "ಮೈನೇ ದೇಖಾ", "ದೇಖೂಂಗಾ". ಭೂತಕಾಲದ ಲಕಾರವೂ ಇಲ್ಲ, ಭವಿಷ್ಯತ್ತಿನ ಬಕಾರವೂ ಇಲ್ಲ. ಮಗಳು ಯಾರ ಮನೆಯವಳು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಿಂದಿ ಕಲಿಯಲು ಕುಳಿತ ಪ್ರತಿಯೊಬ್ಬ ಕನ್ನಡಿಗನಿಗೂ ಲಿಂಗದ ಕಾಟ ಗೊತ್ತು. ಅದೇ ಮಂಚವನ್ನು ಪಲಂಗ್ ಎಂದರೆ ಗಂಡು, ಖಾಟ್ ಎಂದರೆ ಹೆಣ್ಣು! ಮಗಹಿಯವನಿಗೂ ಇದೇ ಕಾಟ. ಅವನ ಭಾಷೆಯಲ್ಲಿ ಹುಡುಗ ಹೋದರೂ "ಗೇಲೈ", ಹುಡುಗಿ ಹೋದರೂ "ಗೇಲೈ". ಹಿಂದಿಯ "ನೇ" ಪ್ರತ್ಯಯವೂ ಅವನಲ್ಲಿಲ್ಲ. ಅದರ ಬದಲು ಹಿಂದಿಗೆ ತಿಳಿಯದ ಬೇರೆ ನಯಗಳು ಅವನ ಕ್ರಿಯಾಪದದಲ್ಲಿವೆ. ಯಾರ ವಿಷಯ ಹೇಳುತ್ತಿದ್ದಾನೆ ಎಂಬುದಷ್ಟೇ ಅಲ್ಲ, ಯಾರ ಮುಂದೆ ಹೇಳುತ್ತಿದ್ದಾನೆ, ಕೇಳುವವರು ಹಿರಿಯರೋ ಸಮಾನರೋ ಎಂಬುದೂ ಕ್ರಿಯಾಪದದ ಕೊನೆಯಲ್ಲಿ ಕಾಣುತ್ತದೆ. "ಘರ್" ಎಂದರೆ ಮನೆ. ನಮಗಿಬ್ಬರಿಗೂ ಗೊತ್ತಿರುವ ಆ ಮನೆ ಎನ್ನಬೇಕಾದರೆ "ಘರ್ವಾ". ಇಂಥ ಸೂಕ್ಷ್ಮಗಳಿರುವ ಭಾಷೆಯನ್ನು "ಒರಟು ಹಿಂದಿ" ಎಂದು ಕರೆಯುವುದು ವೀಣೆಯನ್ನು ತಂತಿ ಹೆಚ್ಚಾದ ತಂಬೂರಿ ಎಂದ ಹಾಗೆ.

ಈ ತಾತ್ಸಾರ ಇಂದಿನದಲ್ಲ. ಜ್ವರವೇ, ನೀನು ಮಗಧದವರ ಕಡೆಗೆ ಹೋಗು ಎಂಬ ಆಶಯದ ಮಂತ್ರ ಅಥರ್ವವೇದದಲ್ಲಿಯೇ ಇದೆ. ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ, ನಾಯಿಕೆಗೆ ಶೌರಸೇನಿ. ಮಾಗಧಿ ಬರುವುದು ಕೆಳಗಿನವರ ಬಾಯಲ್ಲಿ. ಶಾಕುಂತಲದ ಆರನೆಯ ಅಂಕದಲ್ಲಿ ಉಂಗುರ ಸಿಕ್ಕಿದ ಬೆಸ್ತ ಮಾಗಧಿಯಲ್ಲಿ ಮಾತನಾಡುತ್ತಾನೆ. ರಾಜನಿಗೆ ನೆನಪು ಮರಳಿಸಿದ ಉಂಗುರವನ್ನು ತಂದವನು ಅವನೇ, ಆದರೂ ಕಾವಲಿನವರಿಂದ ಏಟು ತಿಂದವನೂ ಅವನೇ. ಇಂದಿನ ಸಿನಿಮಾಗಳಲ್ಲಿಯೂ ಬಿಹಾರದ ಉಚ್ಚಾರವೆಂದರೆ ನಗೆಪಾಟಲಿನ ಸರಕು. ನಮ್ಮ ಕಾವಲು ಹುಡುಗ ಹೇಳಿದ: ಮೂರನೆಯ ತರಗತಿಯಲ್ಲಿ ಮೊಸರನ್ನು ಹೆಣ್ಣು ಮಾಡಿದ್ದಕ್ಕೆ ಮೇಷ್ಟರು ಅವನ ಅಂಗೈಗೆ ಕೋಲಿನಿಂದ ಹೊಡೆದರಂತೆ. ಆ ಮೇಷ್ಟರೂ ಅದೇ ಸೀಮೆಯವರು. ಮನೆಯಲ್ಲಿ ಮಗಹಿ ಮಾತನಾಡುವವರು. ಪೆಟ್ಟು ತಿಂದ ಹುಡುಗ ಮೊಸರಿನ ಲಿಂಗವನ್ನು ಕಲಿತನೋ ಇಲ್ಲವೋ, ತಾಯಿಯ ಮಾತು ಶಾಲೆಗೆ ತರತಕ್ಕದ್ದಲ್ಲ ಎಂಬುದನ್ನು ಚೆನ್ನಾಗಿ ಕಲಿತ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಐದು ಭಾಷೆಗಳಿಗೆ ಶಾಸ್ತ್ರೀಯ ಸ್ಥಾನ ನೀಡಿತು: ಮರಾಠಿ, ಪಾಲಿ, ಪ್ರಾಕೃತ, ಅಸ್ಸಾಮಿ, ಬಂಗಾಳಿ. ಒಡಿಯಾಕ್ಕೆ 2014ರಲ್ಲಿಯೇ ಆ ಸ್ಥಾನ ದೊರೆತಿತ್ತು. ನಮ್ಮ ಕನ್ನಡಕ್ಕೆ 2008ರಲ್ಲಿ. ಎಲ್ಲವೂ ಸಂತೋಷದ ಸಂಗತಿಯೇ. ಆದರೆ ಮಗಹಿಯ ಬಾಗಿಲಲ್ಲಿ ನಿಂತು ಈ ಪಟ್ಟಿಯನ್ನು ಓದಿ ನೋಡಿ. ಪ್ರಾಕೃತಕ್ಕೆ, ಅಂದರೆ ತಾಯಿಯ ಕುಲಕ್ಕೆ, ಪಟ್ಟ ಕಟ್ಟಿದರು. ಥೇರವಾದ ಬೌದ್ಧರು ಮಾಗಧಿ ಎಂದೇ ಕರೆಯುವ ಪಾಲಿಗೆ ಪಟ್ಟ ಕಟ್ಟಿದರು. ಬಂಗಾಳಿ, ಅಸ್ಸಾಮಿ, ಒಡಿಯಾ ಎಂಬ ಮೂವರು ಅಕ್ಕತಂಗಿಯರಿಗೆ ರೇಷ್ಮೆ ಸೀರೆ ಉಡಿಸಿದರು. ಅದೇ ಗರ್ಭದಲ್ಲಿ ಹುಟ್ಟಿ, ತಾಯಿಯ ಹೆಸರನ್ನೇ ಇಟ್ಟುಕೊಂಡು, ತಾಯಿಯ ಮನೆಯಲ್ಲಿಯೇ ಉಳಿದಿರುವ ಮಗಳಿಗೆ ಮಾತ್ರ ಭಾಷೆ ಎಂಬ ಹೆಸರೂ ಇಲ್ಲ. ಆಕೆ ಪರರ ಮನೆಯ ರೇಷನ್ ಕಾರ್ಡಿನಲ್ಲಿ ಒಂದು ಸಾಲು. ಯಾರೂ ಮಾತನಾಡದ ಭಾಷೆಯನ್ನು ಗೌರವಿಸುವುದು ಸುಲಭ. ಅದಕ್ಕೆ ಶಾಲೆ ಬೇಡ, ಕಚೇರಿ ಬೇಡ, ಪರೀಕ್ಷೆಯ ಪ್ರಶ್ನೆಪತ್ರಿಕೆ ಬೇಡ. ಬದುಕಿರುವ ಭಾಷೆ ಇವನ್ನೆಲ್ಲ ಕೇಳುತ್ತದೆ.

ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇಂದು 22 ಭಾಷೆಗಳಿವೆ. 2003ರ ತಿದ್ದುಪಡಿಯಲ್ಲಿ ಬೋಡೊ, ಡೋಗ್ರಿ, ಸಂತಾಲಿಗಳ ಜೊತೆಗೆ ಮೈಥಿಲಿಯೂ ಸೇರಿತು. ಚಟರ್ಜಿಯವರು ಮಗಹಿಯ ಜೊತೆಗಿರಿಸಿದ ಅದೇ ಮೈಥಿಲಿ. 2011ರ ಲೆಕ್ಕದಂತೆ ಬೋಡೊ ನುಡಿಯುವವರು ಸುಮಾರು 15 ಲಕ್ಷ, ಡೋಗ್ರಿಯವರು 26 ಲಕ್ಷ, ಸಂಸ್ಕೃತವನ್ನು ತಾಯ್ನುಡಿಯೆಂದು ಬರೆಸಿದವರು 24,821. ಇವರ ಸ್ಥಾನವನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಕೇಳುವುದಿಷ್ಟೆ: 1.27 ಕೋಟಿ ಜನರ ಭಾಷೆಗೆ ಪಂಕ್ತಿಯಲ್ಲಿ ಎಲೆ ಹಾಕದಿರಲು ಕಾರಣವೇನು? ಬಿಹಾರದಲ್ಲಿ ಹಿಂದಿ ರಾಜಭಾಷೆ, ಉರ್ದು ಎರಡನೆಯ ರಾಜಭಾಷೆ. ಮಗಹಿಗೆ ತನ್ನ ತವರಿನಲ್ಲಿ ಅಂಥ ಸ್ಥಾನವಿಲ್ಲ. ಎರಡನೆಯ ರಾಜಭಾಷೆಗಳ ಪಟ್ಟಿಗೆ ಅದನ್ನು 2018ರಲ್ಲಿ ಸೇರಿಸಿಕೊಂಡದ್ದು ನೆರೆಯ ಜಾರ್ಖಂಡ.

ಸಾಹಿತ್ಯವಿಲ್ಲದ ಭಾಷೆಗೆ ಸ್ಥಾನವೇಕೆ ಎಂಬುದು ನಮ್ಮ ವಿದ್ವಾಂಸರ ಮೊದಲನೆಯ ಆಕ್ಷೇಪಣೆಯಾಗಬಹುದು. ಸಾಹಿತ್ಯವಿದೆ, ನಾವು ಓದಿಲ್ಲ. ಹರಪ್ರಸಾದ ಶಾಸ್ತ್ರಿಗಳು ನೇಪಾಳದಲ್ಲಿ ಕಂಡು 1916ರಲ್ಲಿ ಪ್ರಕಟಿಸಿದ ಚರ್ಯಾಪದಗಳನ್ನು ಬಂಗಾಳಿಗಳು, ಒಡಿಯಾದವರು, ಅಸ್ಸಾಮಿಗಳು, ಮೈಥಿಲಿಯವರು ತಮ್ಮದೆನ್ನುತ್ತಾರೆ. ಮಗಹಿಯವರಿಗೂ ಆ ಹಕ್ಕಿದೆ, ಕೂಗಿ ಹೇಳುವ ಗಂಟಲಿಲ್ಲ. ಜಯನಾಥ ಪತಿ ಎಂಬುವರು 1928ರಲ್ಲಿ "ಫೂಲ್ ಬಹಾದುರ್" ಎಂಬ ಮಗಹಿ ಕಾದಂಬರಿ ಬರೆದರು. ರಾಯ್ ಬಹಾದ್ದೂರ್ ಬಿರುದಿಗಾಗಿ ಹಾತೊರೆದು ನಗೆಗೀಡಾಗುವ ಒಬ್ಬ ಮುಖ್ತಾರನ ಕಥೆ. ಬಿರುದಿನ ಹುಚ್ಚು ನಮ್ಮಲ್ಲಿಯೂ ಇರುವುದರಿಂದ ಅದು ಕನ್ನಡಕ್ಕೂ ಬರತಕ್ಕದ್ದು. ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು 2024ರಲ್ಲಿ. 96 ವರ್ಷಗಳ ಮೇಲೆ. ಸಂಪತ್ತಿ ಅರ್ಯಾಣಿಯವರು ಮಗಹಿಗೆ ವ್ಯಾಕರಣ ಬರೆದರು. 1961ರಲ್ಲಿ ಫಣಿ ಮಜುಂದಾರರು ಮಗಹಿಯಲ್ಲಿ "ಭೈಯಾ" ಎಂಬ ಚಿತ್ರ ತೆಗೆದರು. ಭೋಜಪುರಿಯ ಮೊದಲ ಚಿತ್ರ ಬಂದದ್ದು 1963ರಲ್ಲಿ. ಬೋಧಗಯೆಯ ಮಗಧ ವಿಶ್ವವಿದ್ಯಾನಿಲಯದಲ್ಲಿ ಮಗಹಿಯ ಎಂ.ಎ. ತರಗತಿಯೇ ಉಂಟು. ಎಂ.ಎ.ಗೆ ಯೋಗ್ಯವಾದ ಭಾಷೆ ಒಂದನೆಯ ತರಗತಿಗೆ ಯೋಗ್ಯವಲ್ಲವೆ? ಇವೆಲ್ಲ ಅಚ್ಚಾದ ಲೆಕ್ಕ. ಅಚ್ಚಾಗದ ಲೆಕ್ಕ ಇನ್ನೂ ದೊಡ್ಡದು. ನಮ್ಮ ಹಳ್ಳಿಗಳಲ್ಲಿ ಬೀಸುವ ಪದಗಳಿರುವಂತೆ ಅಲ್ಲಿ ಜಂತಸಾರ್ ಎಂಬ ಬೀಸುಕಲ್ಲಿನ ಹಾಡುಗಳಿವೆ. ಮಗು ಹುಟ್ಟಿದರೆ ಸೋಹರ್. ಛಠ್ ಹಬ್ಬದಲ್ಲಿ ಮುಳುಗುವ ಸೂರ್ಯನಿಗೆ ಹಾಡು. ಬೀಸುಕಲ್ಲು ಮೂಲೆ ಸೇರಿದೊಡನೆ ಹಾಡೂ ಮೂಲೆ ಸೇರುತ್ತದೆ.

ಎರಡನೆಯ ಆಕ್ಷೇಪಣೆ: "ಮಗಹಿಯವರಿಗೆ ಹಿಂದಿ ಅರ್ಥವಾಗುತ್ತದಲ್ಲ?" ಆಗದೆ ಏನು? ಹತ್ತು ವರ್ಷ ಶಾಲೆಯಲ್ಲಿ ಅದನ್ನೇ ಓದಿಸಿದ್ದಾರೆ. ಮೀರಠಿನವನನ್ನು ನವಾದಾದ ಮದುವೆಮನೆಯಲ್ಲಿ ಹೆಂಗಸರ ನಡುವೆ ಕೂರಿಸಿ, ಎಷ್ಟು ಅರ್ಥವಾಯಿತೆಂದು ಕೇಳಿ ನೋಡಿ. ಒಂದೇ ಕಡೆಯಿಂದ ನಡೆದುಬಂದ ದಾರಿಯನ್ನು ತೋರಿಸಿ ಎರಡು ಊರೂ ಒಂದೇ ಎನ್ನಬಾರದು.

ಮೂರನೆಯದು ದೇಶದ ಐಕ್ಯ. ಹಿಂದಿಯ ಮನೆಯನ್ನು ಹೀಗೆ ಒಡೆದರೆ ದೇಶದ ಗತಿಯೇನು ಎಂದು ಕಳವಳ ಪಡುವವರಿದ್ದಾರೆ. ಕೊಂಕಣಿ ಮರಾಠಿಯ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಜಗಳ ನಮ್ಮ ಪಕ್ಕದಲ್ಲಿಯೇ ನಡೆಯಿತು. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಒಪ್ಪಿತು. 1992ರಲ್ಲಿ ಅದು ಎಂಟನೆಯ ಅನುಸೂಚಿಗೆ ಸೇರಿತು. ದೇಶ ಒಡೆಯಲಿಲ್ಲ, ಮರಾಠಿಗೂ ನಷ್ಟವಾಗಲಿಲ್ಲ. ಮಗಹಿಯವರು ಹಿಂದಿ ಓದಬಾರದೆಂದು ನಾನು ಹೇಳುತ್ತಿಲ್ಲ. ಓದಲಿ, ಕೆಲಸ ಸಿಗಲಿ, ದೊಡ್ಡ ಭಾಷೆಯೊಂದು ಕೈಯಲ್ಲಿರಲಿ. ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡುವುದು ತಪ್ಪಲ್ಲ. ಊಟದ ಋಣಕ್ಕೆ ತಾಯಿಯ ಹೆಸರನ್ನು ಅಳಿಸಿಕೊ ಎನ್ನುವುದು ತಪ್ಪು.

ಭಾಷೆಯ ಹೆಸರು ಅನ್ನದ ವಿಷಯವೂ ಹೌದು. ಜಾರ್ಖಂಡದ ಬೊಕಾರೊ, ಧನಬಾದ್ ಜಿಲ್ಲೆಗಳಲ್ಲಿ ಸರ್ಕಾರಿ ನೇಮಕದ ಪರೀಕ್ಷೆಗೆ ಮಗಹಿ, ಭೋಜಪುರಿಗಳನ್ನು ಪ್ರಾದೇಶಿಕ ಭಾಷೆಗಳಾಗಿ ಸೇರಿಸಿದಾಗ ಅಲ್ಲಿನ ಜನ ಬೀದಿಗಿಳಿದರು. 2022ರ ಫೆಬ್ರುವರಿಯಲ್ಲಿ ಸರ್ಕಾರ ಆ ಎರಡನ್ನೂ ಕೈಬಿಟ್ಟಿತು. ಸ್ಥಳೀಯರ ಭಯವನ್ನು ನಾನು ಹಳಿಯಲಾರೆ. ಅಲ್ಲಿನ ಖೋರ್ಠಾ ಭಾಷೆಯೂ ಹಿಂದಿಯ ತಲೆಬರಹದ ಕೆಳಗೆ ಸಿಕ್ಕಿಕೊಂಡಿರುವುದೇ. ದೊಡ್ಡ ಮನೆಯ ಹಿತ್ತಿಲಿನಲ್ಲಿ ಕೂರಿಸಿದವರು ಒಬ್ಬರ ಎಲೆಗೆ ಒಬ್ಬರು ಕೈ ಹಾಕುವ ಪರಿಸ್ಥಿತಿ ಅದು.

ಲಿಪಿಯ ಕಥೆಯೂ ಕೇಳತಕ್ಕದ್ದೆ. ಮಗಹಿಯನ್ನೂ ಭೋಜಪುರಿಯನ್ನೂ ಬರೆಯುತ್ತಿದ್ದುದು ಕೈಥಿ ಎಂಬ ಲಿಪಿಯಲ್ಲಿ, ಕಾಯಸ್ಥರ ಕೈಬರಹ. 1880ರ ದಶಕದಲ್ಲಿ ಬ್ರಿಟಿಷರು ಬಿಹಾರದ ಕಚೇರಿಗಳಲ್ಲಿ ಅದಕ್ಕೆ ಮನ್ನಣೆ ಕೊಟ್ಟಿದ್ದರು. ಮುಂದೆ ದೇವನಾಗರಿ ಬಂತು, ಕೈಥಿಯನ್ನು ಕಲಿಸುವವರು ಇಲ್ಲವಾದರು. 2024ರಲ್ಲಿ ಬಿಹಾರ ಸರ್ಕಾರ ಭೂಮಿಯ ಮರುಸಮೀಕ್ಷೆಗೆ ಹೊರಟಾಗ ಜನ ಪೆಟ್ಟಿಗೆಯ ತಳದಿಂದ ಅಜ್ಜನ ಕಾಲದ ಪತ್ರಗಳನ್ನು ತೆಗೆದರು. ಪತ್ರವಿದೆ, ಮೊಹರಿದೆ, ಹೊಲವೂ ಇದೆ, ಓದಬಲ್ಲವರಿಲ್ಲ. ಕೈಥಿ ಬಲ್ಲ ಮುದುಕರನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಭಾಷೆಯ ಅಭಿಮಾನವೆಂದರೆ ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವವರು ಆ ಪತ್ರ ಹಿಡಿದು ನಿಂತ ರೈತನನ್ನು ಕೇಳಲಿ.

ಇಷ್ಟೆಲ್ಲ ಬಿಹಾರದ ಚಿಂತೆ ಕನ್ನಡಿಗನಿಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ನಾಡಿನ ಹಳೆಯ ಬರಹಗಳನ್ನು ನೆನೆಯಿರಿ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳಗಳ ಬಂಡೆಗಳ ಮೇಲೆ ಮಗಧದ ದೊರೆ ಪ್ರಾಕೃತದಲ್ಲಿ ಬರೆಸಿದ. ಹಲ್ಮಿಡಿಗೆ ಎಷ್ಟೋ ಶತಮಾನಗಳ ಹಿಂದೆ, ಬ್ರಹ್ಮಗಿರಿಯ ಆ ಶಾಸನದಲ್ಲಿ ಇಸಿಲ ಎಂಬ ಊರ ಹೆಸರು ಬಂತು. ಅದು ಕನ್ನಡದ ಮಾತೆಂದು ನಮ್ಮ ಪಂಡಿತರು ಎದೆಯುಬ್ಬಿಸಿ ಹೇಳುತ್ತಾರೆ. ಮಗಧದ ಅರಸ ನಮ್ಮ ಊರಿನ ಹೆಸರನ್ನು ಇದ್ದ ಹಾಗೆ ಕಲ್ಲಿನಲ್ಲಿ ಬರೆಸಿದ. ಮಗಧದ ಮಕ್ಕಳ ಮಾತಿನ ಹೆಸರನ್ನು ಇದ್ದ ಹಾಗೆ ಕಾಗದದಲ್ಲಿ ಬರೆಯಲು ನಮಗೇಕೆ ಸಂಕೋಚ?

ನಮ್ಮ ಮನೆಯನ್ನೂ ಗುಡಿಸಿಕೊಳ್ಳಬೇಕು, ನಿಜ. ನೀಲಗಿರಿಯ ಬಡಗರ ಮಾತನ್ನು ಅನೇಕ ಭಾಷಾಶಾಸ್ತ್ರಜ್ಞರು ಬೇರೆ ಭಾಷೆ ಎನ್ನುತ್ತಾರೆ. ಆದರೂ ಅದನ್ನಾಡುವ ಲಕ್ಷಕ್ಕೂ ಹೆಚ್ಚು ಜನ ಗಣತಿಯಲ್ಲಿ ಕನ್ನಡದ ತಲೆಬರಹದ ಕೆಳಗಿದ್ದಾರೆ. ತುಳುವರೂ ಕೊಡವರೂ ಅನುಸೂಚಿಯ ಬಾಗಿಲಲ್ಲಿ ಇನ್ನೂ ಕಾಯುತ್ತಿದ್ದಾರೆ. ಹಿಂದಿಯ ಲೆಕ್ಕವನ್ನು ಪ್ರಶ್ನಿಸುವ ಕನ್ನಡಿಗ ಇವರ ಪರವಾಗಿಯೂ ಬಾಯಿ ತೆರೆಯದಿದ್ದರೆ ಅವನ ಮಾತಿಗೆ ತೂಕವಿರುವುದಿಲ್ಲ. ಅನುಸೂಚಿಗೆ ಸೇರಿದ ಮಾತ್ರಕ್ಕೆ ಭಾಷೆ ಬದುಕಿಬಿಡುವುದಿಲ್ಲವೆಂಬುದನ್ನೂ ಬಲ್ಲೆ. ತಾಯಂದಿರು ಮಕ್ಕಳೊಡನೆ ಆಡುವುದನ್ನು ಬಿಟ್ಟ ಭಾಷೆಯನ್ನು ಯಾವ ಪಟ್ಟಿಯೂ ಉಳಿಸಲಾರದು. ಆದರೆ ಆ ತಾಯಂದಿರು ನಾಚದೆ ಆಡಬೇಕಾದರೆ ಅದಕ್ಕೆ ಹೆಸರು ಇರಬೇಕು.

ಆದುದರಿಂದ ನನ್ನ ಬಿನ್ನಹ ದೊಡ್ಡದಲ್ಲ, ಬೆಂಗಳೂರಿನವರೇ ನಡೆಸಬಹುದಾದದ್ದು. 2027ಕ್ಕೆ ಜನಗಣತಿ ಗೊತ್ತಾಗಿದೆ. ಬಿಹಾರದ ಲಕ್ಷಾಂತರ ದುಡಿಯುವ ಜನ ಇಂದು ದಕ್ಷಿಣದ ಊರುಗಳಲ್ಲಿದ್ದಾರೆ. ಅನೇಕರು ಇಲ್ಲಿಯೇ ಎಣಿಕೆಗೆ ಸಿಗುವರು. ಗಣತಿಗೆ ಮನೆಮನೆಗೆ ಬರುವವರಲ್ಲಿ ಹೆಚ್ಚಿನವರು ನಮ್ಮ ಶಾಲೆಗಳ ಮೇಷ್ಟರು, ಮೇಡಂಗಳು. ಈ ಪುರವಣಿಯನ್ನು ಓದುವವರು. ತಾಯ್ನುಡಿಯ ಕಾಲಮಿನ ಬಳಿ ಬಂದಾಗ ಅವರು ಮುಖ ನೋಡಿ "ಹಿಂದಿ" ಎಂದು ತುಂಬಿಕೊಳ್ಳದಿರಲಿ. ಗಣತಿಯ ನಿಯಮವೇ ಹೇಳುತ್ತದೆ: ತಾಯ್ನುಡಿ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಮಾತು. ಅದನ್ನೇ ಕೇಳಲಿ; ಬಂದ ಉತ್ತರವನ್ನೇ ಬರೆಯಲಿ. ದೆಹಲಿಯಲ್ಲಿ ಮುಂದೇನು ಮಾಡುತ್ತಾರೋ ಅದನ್ನು ಆಮೇಲೆ ನೋಡಿಕೊಳ್ಳೋಣ. ಮೊದಲ ಸುಳ್ಳು ನಮ್ಮ ಕೈಯಿಂದ ಆಗುವುದು ಬೇಡ.

ಮೊನ್ನೆ ರಾತ್ರಿ ಕಾವಲು ಹುಡುಗನಿಗೆ ಈ ಲೇಖನದ ಸಾರಾಂಶವನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅಶೋಕನ ಮಾತು ಬಂದಾಗ ಅವನಿಗೆ ಅಷ್ಟೇನೂ ಉತ್ಸಾಹ ಬರಲಿಲ್ಲ. ಗಣತಿಯ ಮಾತು ಬಂದಾಗ ಮಾತ್ರ, "ಮಗಹಿ ಎಂದು ಬರೆಸಿದರೆ ನನ್ನ ಕೆಲಸಕ್ಕೇನೂ ತೊಂದರೆಯಿಲ್ಲವಲ್ಲ ಸಾಬ್?" ಎಂದು ಕೇಳಿದ. ಇಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಮ್ಮನಿಗೂ ಹೇಳುತ್ತೇನೆ" ಎಂದ. ಸಭೆಯಲ್ಲಿ ನಕ್ಕ ವಿದ್ವಾಂಸರಿಗೆ ನಾನು ಕೊಡಬಹುದಾದ ಉತ್ತರವೂ ಇದೇ.